ತವರ ಇಲ್ಲದ ತಗಡಿನ ಡಬ್ಬಿ

ಮೊದಲೇ ಹೇಳಿಬಿಡ್ತೀನಿ, ಈ ಸಲದ ಬರಹ ಸ್ವಲ್ಪ ಉದ್ದ ಇದೆ. ಸ್ವಲ್ಪ ಸಿಟ್ಟಿನಲ್ಲಿ ಬರೆದದ್ದೂ ಹೌದು. ಕವನ, ಚಾರಣ, ಸಿನಿಮಾ ಅಂತ ಇಣುಕಿದವರು ದಯವಿಟ್ಟು ಕ್ಷಮಿಸಿ. ನಾನಿವತ್ತು ಬರೀತಿರೋದು ಹಡಗಿನ ತಳಕ್ಕೆ ಬಳಿಯುವ ಬಣ್ಣದ ಬಗ್ಗೆ. ಹೌದು, ಬಣ್ಣದ ಬಗ್ಗೆಯೇ. ನಗಬೇಡಿ.

ಶುರುವಾದದ್ದು ಹೀಗೆ. ಹೋದ ತಿಂಗಳು ನಮ್ಮ ಎಂಜಿನಿಯರಿಂಗ್ ಬ್ಯಾಚಿನವರು ಬೆಂಗಳೂರಿನಲ್ಲಿ ಊಟಕ್ಕೆ ಸೇರಿದ್ವಿ. ಎಂಟು ಜನರಲ್ಲಿ ಏಳು ಜನ ನನ್ನ ಹಾಗೇ ಕೀಬೋರ್ಡ್ ಕುಟ್ಟಿ ಅನ್ನ ತಿನ್ನುವವರು. ಎಂಟನೆಯವನು ಮಾತ್ರ ಹಡಗು-ಬೋಟುಗಳ ಬಣ್ಣ ಮಾರುವ ವ್ಯವಹಾರಕ್ಕೆ ಹೋದವನು. ಒಳ್ಳೆಯವನೇ, ಹಾಸ್ಟೆಲ್ಲಿನಲ್ಲಿ ನನ್ನ ಪಕ್ಕದ ರೂಮು. "ನಮ್ಮದು ಪೂರ್ತಿ ಪರಿಸರಸ್ನೇಹಿ ಮಾರಾಯ, ಡಬ್ಬಿ ಮೇಲೇ ಬರ್ದಿದೆ, ಟಿನ್ ಫ್ರೀ ಅಂತ. ಮೇಲಿಂದ ಡೀಸೆಲ್ ಉಳಿತಾಯ. ನಿಮ್ಮಂಥವರು ಸುಮ್ನೆ ಗಿಡ ನೆಡ್ತೀವಿ ಅಂತ ಫೋಟೋ ಹಾಕ್ಕೊಳ್ತೀರಿ, ನಾವು ನಿಜವಾಗ್ಲೂ ಭೂಮಿ ಉಳಿಸ್ತಾ ಇದೀವಿ" ಅಂದ. ಎಲ್ಲರೂ ತಲೆ ಆಡಿಸಿದರು. ನಾನೂ ಆಡಿಸಿದೆ, ಯಾಕೆಂದ್ರೆ ಬಾಯಲ್ಲಿ ಬಿರಿಯಾನಿ ಇತ್ತು.

ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ತಗಡಿನ ಡಬ್ಬಿಯ ಮೇಲೆ 'ತವರ ಇಲ್ಲ' ಅಂತ ಬರೆಯೋದು ಒಂದು ತಮಾಷೆ, ಅದು ಬಿಡಿ. ಕೊಬ್ಬರಿ ಎಣ್ಣೆ ಬಾಟಲಿಯ ಮೇಲೆ ಕೊಲೆಸ್ಟ್ರಾಲ್ ಇಲ್ಲ ಅಂತ ಹಾಕ್ತಾರಲ್ಲ, ಹಾಗೆ. ಯಾವ ಕೊಬ್ಬರಿ ಎಣ್ಣೆಯಲ್ಲೂ ಅದು ಇರೋಲ್ಲ. ಈ ಬಣ್ಣದ ವಿಷಯದಲ್ಲಂತೂ ಇನ್ನೂ ಚಂದ. ತವರದ ಆ ಸಂಯುಕ್ತವನ್ನು ಹಡಗಿಗೆ ಬಳಿಯೋದು 2008ರಿಂದ ಅಂತಾರಾಷ್ಟ್ರೀಯ ಕಾನೂನಿನ ಪ್ರಕಾರ ನಿಷೇಧ. ಮಾಡಬಾರದ್ದನ್ನು ಮಾಡಿಲ್ಲ ಅನ್ನೋದು ಜಾಹೀರಾತು ಆಗೋದು ಹೇಗೆ? "ನಮ್ಮ ಹೋಟೆಲಿನ ಸಾಂಬಾರಿನಲ್ಲಿ ಇಲಿ ಪಾಷಾಣ ಇಲ್ಲ" ಅಂತ ಬೋರ್ಡು ಹಾಕಿದ್ರೆ ನೀವು ಒಳಗೆ ಹೋಗ್ತೀರಾ?

ನನಗೆ ಇದರಲ್ಲಿ ಆಸಕ್ತಿ ಯಾಕೆ ಅಂದರೆ ನನ್ನ ಸೋದರಮಾವನದ್ದೊಂದು ಬೋಟು ಇದೆ. ಒಂದು ಅನ್ನೋಕಾಗಲ್ಲ, ಮೂವರ ಪಾಲಿನಲ್ಲಿ ಒಂದು ಪಾಲು. ಉತ್ತರ ಕನ್ನಡದ ಕರಾವಳಿ, ಊರು ಯಾವುದು ಅಂತ ಹೇಳೋಲ್ಲ, ಮಾವನಿಗೆ ಅಲ್ಲಿ ಬದುಕಬೇಕು. ಎಪ್ಪತ್ತು ಅಡಿಯ ಸ್ಟೀಲ್ ಟ್ರಾಲ್ ಬೋಟು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರತ್ತಲ್ಲ, ಆಗಲೇ ಬೋಟುಗಳಿಗೆ ಬಾಣಂತನ. ಮಳೆ ಜೋರಾಗುವ ಮೊದಲು ಹೊಳೆದಂಡೆಗೆ ಎಳೆದು, ತಳಕ್ಕೆ ಕೂತ ಚಿಪ್ಪು ಕೆರೆದು, ತುಕ್ಕು ಉಜ್ಜಿ, ಬಣ್ಣ ಹೊಡೆದು ಮತ್ತೆ ನೀರಿಗೆ ಬಿಡೋದು.

ಎರಡು ವರ್ಷದ ಹಿಂದೆ ನಾನು ರಜೆ ಹಾಕಿ ಹೋಗಿದ್ದಾಗ ಆ ಕೆಲಸ ನಡೀತಿತ್ತು. ಇಪ್ಪತ್ತು ಇಪ್ಪತ್ತೆರಡರ ನಾಲ್ಕು ಹುಡುಗರು ಗ್ರೈಂಡರ್ ಹಿಡಿದು ಬೋಟಿನ ಹೊಟ್ಟೆಯಡಿ ಅಂಗಾತ ಮಲಗಿದ್ದರು. ಮೂಗಿಗೆ ಕರವಸ್ತ್ರ, ಕಣ್ಣಿಗೆ ಎಂಥದೂ ಇಲ್ಲ. ಹಳೇ ಬಣ್ಣ ಕೆಂಪು ಪುಡಿಯಾಗಿ ಅವರ ಮುಖದ ಮೇಲೆ, ಅಲ್ಲಿಂದ ನೆಲದ ಮೇಲೆ. ಸಂಜೆ ಒಬ್ಬ ಹುಡುಗ ಬಾಯಿ ಮುಕ್ಕಳಿಸಿ ಉಗುಳಿದ, ಎಲೆ ಅಡಿಕೆ ಹಾಕಿದವನ ಹಾಗೆ ಕೆಂಪು. ಅವನು ಎಲೆ ಹಾಕಿರಲಿಲ್ಲ. ರಾತ್ರಿ ಮಳೆ ಬಂತು. ಬೆಳಿಗ್ಗೆ ನೋಡಿದರೆ ನೆಲ ಸ್ವಚ್ಛ, ಪುಡಿಯೆಲ್ಲ ಹೊಳೆಗೆ ಹೋಗಿದೆ. ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಮೊಣಕಾಲು ನೀರಿನಲ್ಲಿ ಬಗ್ಗಿ ಬಳಚು ಹೆಕ್ಕುತ್ತಾರೆ. (ಬಳಚು ಅಂದರೆ ಮಂಗಳೂರು ಕಡೆಯವರ ಮರುವಾಯಿ. ಬಯಲುಸೀಮೆಯವರಿಗೆ ಹೇಗೆ ವಿವರಿಸೋದೋ ಗೊತ್ತಿಲ್ಲ. ಕೆಸರಿನಲ್ಲಿ ಹುಗಿದಿರುವ, ನೀರು ಸೋಸಿ ತಿನ್ನುವ ಚಿಪ್ಪಿನ ಪ್ರಾಣಿ. ಒಮ್ಮೆ ತಿಂದರೆ ಗೊತ್ತಾಗತ್ತೆ.) ನೀರು ಸೋಸಿ ತಿನ್ನುವ ಪ್ರಾಣಿ ಅಂದೆನಲ್ಲ, ಆ ಮಾತು ನೆನಪಿಟ್ಟುಕೊಳ್ಳಿ.

ಅವತ್ತು ನಾನು ಬಣ್ಣದ ಖಾಲಿ ಡಬ್ಬಿ ಎತ್ತಿ ನೋಡಿದೆ. ಕಂಪನಿಯ ಹೆಸರು ದೊಡ್ಡದಾಗಿತ್ತು, ಡಾಲ್ಫಿನ್ ಚಿತ್ರ ಇತ್ತು, ಒಳಗೆ ಏನಿದೆ ಅಂತ ಇರಲಿಲ್ಲ. ಎರಡು ರೂಪಾಯಿ ಬಿಸ್ಕೆಟ್ ಪ್ಯಾಕಿನ ಮೇಲೆ ಉಪ್ಪು ಎಷ್ಟು ಸಕ್ಕರೆ ಎಷ್ಟು ಅಂತ ಇರತ್ತೆ...

ಸರಿ, ಮೊದಲು ಗೆಳೆಯನ ಪರವಾಗಿ ನ್ಯಾಯವಾಗಿ ಮಾತಾಡೋಣ. ಬಣ್ಣ ಬೇಕೇ ಬೇಕು. ಸಮುದ್ರದ ನೀರಿನಲ್ಲಿ ಯಾವ ವಸ್ತು ಇಟ್ಟರೂ ಕೆಲವೇ ಗಂಟೆಯಲ್ಲಿ ಅದರ ಮೇಲೆ ಸೂಕ್ಷ್ಮಜೀವಿಗಳ ಲೋಳೆ ಕೂರತ್ತೆ, ಆಮೇಲೆ ಪಾಚಿ, ಆಮೇಲೆ ಬಾರ್ನಕಲ್. ಈ ಬಾರ್ನಕಲ್ ಅನ್ನೋದು ಏಡಿ-ಸಿಗಡಿಯ ಸಂಬಂಧಿ. ಮರಿಯಾಗಿದ್ದಾಗ ಈಜಾಡಿಕೊಂಡು, ಜಾಗ ಪರೀಕ್ಷೆ ಮಾಡಿ, ಇಷ್ಟವಾದ ಕಡೆ ತಲೆ ಕೆಳಗೆ ಮಾಡಿ ಅಂಟು ಹಚ್ಚಿ ಕೂತುಬಿಟ್ಟರೆ ಮುಗೀತು, ಸಾಯೋ ತನಕ ಅಲ್ಲೇ. ಸುತ್ತ ಸುಣ್ಣದ ಮನೆ ಕಟ್ಟಿಕೊಂಡು ಕಾಲಿನಿಂದ ನೀರು ಬೀಸಿ ಆಹಾರ ಬಾಯಿಗೆ ಹಾಕಿಕೊಳ್ಳತ್ತೆ. ಚಾರ್ಲ್ಸ್ ಡಾರ್ವಿನ್ 1846ರಿಂದ 1854ರ ತನಕ ಎಂಟು ವರ್ಷ ಇದರ ಹಿಂದೆಯೇ ಬಿದ್ದಿದ್ದ. ಅವನ ಮಕ್ಕಳಲ್ಲಿ ಒಬ್ಬ ಪಕ್ಕದ ಮನೆಗೆ ಹೋಗಿ "ನಿಮ್ಮಪ್ಪ ಎಲ್ಲಿ ಕೂತು ಬಾರ್ನಕಲ್ ಕೆಲಸ ಮಾಡ್ತಾರೆ?" ಅಂತ ಕೇಳಿದ್ದ ಅಂತ ಒಂದು ಕಥೆ ಇದೆ. ಎಲ್ಲ ಅಪ್ಪಂದಿರೂ ಅದೇ ಕೆಲಸ ಮಾಡ್ತಾರೆ ಅಂದುಕೊಂಡಿತ್ತಂತೆ ಪಾಪ. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳು ಎಲ್ಲ ಅಪ್ಪಂದಿರೂ ಮೀಟಿಂಗಿನಲ್ಲಿ ಇರ್ತಾರೆ ಅಂದುಕೊಂಡ ಹಾಗೆ.

ಇವು ಕೂತರೆ ಏನಾಗತ್ತೆ? ತಳ ಒರಟಾಗತ್ತೆ, ನೀರು ಹಿಡಿದು ಎಳೆಯತ್ತೆ. ಅಮೆರಿಕದ ನೇವಲ್ ಅಕಾಡೆಮಿಯ ಮೈಕೆಲ್ ಶುಲ್ಟ್ಜ್ 2007ರಲ್ಲಿ ಒಂದು ಯುದ್ಧನೌಕೆಯ ಲೆಕ್ಕ ತೋರಿಸಿದರು. ಗಟ್ಟಿ ಚಿಪ್ಪು ದಟ್ಟವಾಗಿ ಕೂತರೆ ಮೊದಲಿನ ವೇಗದಲ್ಲೇ ಹೋಗೋದಕ್ಕೆ ಶೇಕಡಾ 86ರ ತನಕ ಹೆಚ್ಚು ಶಕ್ತಿ ಬೇಕಾಗಬಹುದು ಅಂತ. ಹತ್ತಿರ ಹತ್ತಿರ ಎರಡರಷ್ಟು! ಡೀಸೆಲ್ ಬೆಲೆ ಗೊತ್ತಿರುವ ಯಾವ ಬೋಟಿನ ಯಜಮಾನನಿಗೂ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇಕಡಾ 3 ಹಡಗುಗಳದ್ದೇ. ಆದ್ದರಿಂದ ಡೀಸೆಲ್ ಉಳಿತಾಯ ಅನ್ನೋ ಮಾತು ಸುಳ್ಳಲ್ಲ.

ತುಕ್ಕಿನದ್ದು ಇನ್ನೊಂದು ಕಥೆ. ಅದರ ವಿರುದ್ಧ ಕೆಲಸ ಮಾಡೋದು ಕೆಳಗಿನ ಎಪಾಕ್ಸಿ ಪದರ ಮತ್ತು ತಳಕ್ಕೆ ಬಿಗಿದ ಸತುವಿನ ಗಟ್ಟಿಗಳು. ಉಪ್ಪುನೀರಿನಲ್ಲಿ ಕಬ್ಬಿಣಕ್ಕಿಂತ ಸತು ಬೇಗ ಎಲೆಕ್ಟ್ರಾನ್ ಬಿಟ್ಟುಕೊಡತ್ತೆ, ಹಾಗಾಗಿ ಸತು ಕರಗಿ ಕಬ್ಬಿಣ ಉಳಿಯತ್ತೆ. ಹೈಸ್ಕೂಲ್ ಕೆಮಿಸ್ಟ್ರಿ. ಆದರೆ ಸತು ನೀರಿಗೆ ತೆರೆದುಕೊಂಡಿರಬೇಕು! ಹಿಂದೊಮ್ಮೆ ಮಾವನ ಬೋಟಿಗೆ ಬಣ್ಣ ಹೊಡೆದವರು ಸತುವಿನ ಗಟ್ಟಿಯ ಮೇಲೂ ನೀಟಾಗಿ ಎರಡು ಕೋಟ್ ಹೊಡೆದು ಹೋಗಿದ್ದರು. ಮುಂದಿನ ಮಳೆಗಾಲದಲ್ಲಿ ಬೋಟು ಎಳೆದಾಗ ಸತು ಹೊಸದರ ಹಾಗೇ ಇದೆ ಅಂತ ಎಲ್ಲರಿಗೂ ಖುಷಿ. ಚುಕ್ಕಾಣಿಯ ಪಕ್ಕದ ತಗಡು ಮಾತ್ರ ಜೇನುಗೂಡಿನ ಹಾಗೆ ತೂತು. ಸತು ಸವೆದಿಲ್ಲ ಅಂದರೆ ಅದು ಕೆಲಸ ಮಾಡಿಲ್ಲ ಅಂತ ಅರ್ಥ, ಇದನ್ನು ಅವರಿಗೆ ಹೇಳಿದವರೇ ಇರಲಿಲ್ಲ. ಬಣ್ಣ ಮಾರಿದವರು "ಅದು ಕೂಲಿಯವರ ತಪ್ಪು" ಅಂದರು. ಕೂಲಿಯವರು "ಡಬ್ಬಿ ಮೇಲೆ ಬರೆದಿದ್ರೆ ನಾವ್ಯಾಕೆ ಹೊಡೀತಿದ್ವಿ" ಅಂದರು. ನಮ್ಮ ಆಫೀಸಿನಲ್ಲಿ ಡೆವಲಪರು ಟೆಸ್ಟರನ ಮೇಲೆ ಹಾಕಿದ ಹಾಗೆ. ದುಡ್ಡು ಹೋದದ್ದು ಮಾವನದ್ದು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಚಿಪ್ಪು ಕೂರದ ಹಾಗೆ ಮಾಡುವ ಬಣ್ಣ ಕೆಲಸ ಮಾಡೋದು ಹೇಗೆ? ನಮಗೆಲ್ಲ 'ಬಣ್ಣ' ಅಂದ ಕೂಡಲೇ ಒಂದು ಗೋಡೆ, ಒಂದು ಪರದೆ, ಏನೋ ತಡೆಯುವಂಥದ್ದು ಅಂತ ಅನ್ನಿಸತ್ತೆ. ಇದು ಹಾಗಲ್ಲ. ಇದು ನಿಧಾನವಾಗಿ ಸೋರುವ ವಿಷದ ಚೀಲ. ಸೋರೋದು ಅದರ ದೋಷ ಅಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬಗ್ ಅಲ್ಲ, ಫೀಚರ್.

ಇದು ಮನುಷ್ಯನಿಗೆ ಗೊತ್ತಾದ ಕಥೆ ಚೆನ್ನಾಗಿದೆ, ಹೇಳ್ತೀನಿ ಕೇಳಿ. 1761ರಲ್ಲಿ ಬ್ರಿಟಿಷ್ ನೌಕಾಪಡೆ 'ಅಲಾರ್ಮ್' ಅನ್ನೋ ಮರದ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿ ವೆಸ್ಟ್ ಇಂಡೀಸಿಗೆ ಕಳಿಸಿತು. ವಾಪಸು ಬಂದಾಗ ತಾಮ್ರ ಚೊಕ್ಕಟ, ಚಿಪ್ಪಿಲ್ಲ, ಮರಕೊರಕ ಹುಳ ಇಲ್ಲ. ಆದರೆ ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ಕರಗಿಹೋಗಿದ್ದವು. ಕೆಲವು ಮೊಳೆ ಮಾತ್ರ ಉಳಿದಿದ್ದವು. ಯಾಕೆ ಅಂತ ನೋಡಿದರೆ, ತಾಮ್ರದ ತಗಡು ಸುತ್ತಿ ಬಂದಿದ್ದ ಕಂದು ಕಾಗದದ ಚೂರು ಅಲ್ಲಲ್ಲಿ ಹಾಗೇ ಉಳಿದು ಮೊಳೆಗೂ ತಾಮ್ರಕ್ಕೂ ಮಧ್ಯ ಸಿಕ್ಕಿಕೊಂಡಿತ್ತು! ಯಾರೋ ಸೋಮಾರಿ ಕೆಲಸಗಾರ ಕಾಗದ ಕೀಳದೆ ಬಿಟ್ಟದ್ದರಿಂದ ಎರಡು ಲೋಹ ಒಂದಕ್ಕೊಂದು ತಾಗಬಾರದು ಅನ್ನೋ ಪಾಠ ಸಿಕ್ಕಿತು.

ಆಮೇಲೆ ಬಂದವನು ಸರ್ ಹಂಫ್ರಿ ಡೇವಿ. ತಾಮ್ರ ಬೇಗ ಸವೆದುಹೋಗ್ತಿದೆ, ಏನಾದರೂ ಮಾಡಿ ಅಂತ ನೌಕಾಪಡೆ ಕೇಳಿಕೊಂಡಿತು. 1824ರಲ್ಲಿ ಡೇವಿ ತಾಮ್ರಕ್ಕೆ ಸತು ಅಥವಾ ಕಬ್ಬಿಣದ ತುಂಡು ಜೋಡಿಸಿದರೆ ತಾಮ್ರ ಸವೆಯೋದು ನಿಲ್ಲತ್ತೆ ಅಂತ ಕಂಡುಹಿಡಿದ. ಈವತ್ತು ಮಾವನ ಬೋಟಿನಲ್ಲಿರುವ ಸತುವಿನ ಗಟ್ಟಿಯ ಮುತ್ತಜ್ಜ ಅದೇ. ಹಡಗಿಗೆ ಹಾಕಿ ನೋಡಿದರು. ಡೇವಿ ಹೇಳಿದ ಹಾಗೇ ಆಯ್ತು, ತಾಮ್ರ ಒಂದಿಷ್ಟೂ ಸವೆಯಲಿಲ್ಲ. ಆದರೆ ತಳದ ತುಂಬ ಬಾರ್ನಕಲ್ಲು, ಪಾಚಿ! ತಾಮ್ರ ಕರಗುತ್ತಿದ್ದದ್ದರಿಂದಲೇ ಅದು ಸ್ವಚ್ಛವಾಗಿತ್ತು. ಕರಗೋದು ನಿಲ್ಲಿಸಿದ ಕೂಡಲೇ ವಿಷವೂ ನಿಂತಿತು, ಜೀವಿಗಳು ಬಂದು ಕೂತವು. ಕೆಲವೇ ವರ್ಷದಲ್ಲಿ ಆ ತುಂಡುಗಳನ್ನೆಲ್ಲ ಕಿತ್ತು ಹಾಕಿಸಿದರು. ಪಾಪ ಡೇವಿಗೆ ತುಂಬ ಅವಮಾನ ಆಯ್ತು. ಒಂದು ಫಿಕ್ಸ್ ಹಾಕಿದ್ರೆ ಇನ್ನೊಂದು ಕಡೆ ಒಡೆಯೋದು ಅಂದರೆ ಇದೇ. ಶುಕ್ರವಾರ ಸಂಜೆ ರಿಲೀಸ್ ಮಾಡಿದವರಿಗೆ ಡೇವಿಯ ನೋವು ಅರ್ಥವಾಗತ್ತೆ :)

ಅಂದರೆ ಇನ್ನೂರು ವರ್ಷದಿಂದ ನಮಗೆ ಗೊತ್ತಿದೆ, ತಳ ಸ್ವಚ್ಛವಾಗಿದೆ ಅಂದರೆ ನೀರಿಗೆ ಏನೋ ಸೋರುತ್ತಿದೆ ಅಂತ. ಗೊತ್ತಿದ್ದೂ ನಾವು ಮಾಡಿದ್ದೇನು? ಇನ್ನೂ ಚೆನ್ನಾಗಿ ಸೋರುವ ವಿಷ ಹುಡುಕಿದ್ದು.

ಅದೇ ಟ್ರೈಬ್ಯುಟೈಲ್ ಟಿನ್, ಟಿಬಿಟಿ. 1970ರ ದಶಕದಲ್ಲಿ ಇದನ್ನು ಬಣ್ಣದ ಪಾಲಿಮರಿಗೇ ರಾಸಾಯನಿಕವಾಗಿ ಕಟ್ಟಿಬಿಟ್ಟರು. ಹಡಗು ಚಲಿಸಿದ ಹಾಗೆ ಬಣ್ಣದ ಮೇಲ್ಪದರ ಸೋಪಿನ ಹಾಗೆ ಸವೆದು, ಒಳಗಿನ ಹೊಸ ಪದರ ಹೊಸ ವಿಷದೊಂದಿಗೆ ತೆರೆದುಕೊಳ್ಳತ್ತೆ. ಐದು ವರ್ಷ ಹಡಗನ್ನು ಡಾಕಿಗೆ ಎಳೆಯೋ ಹಾಗಿಲ್ಲ. ಎಂಜಿನಿಯರಿಂಗ್ ದೃಷ್ಟಿಯಿಂದ ನೋಡಿದರೆ ಅದ್ಭುತ, ನಾನು ಒಪ್ಪುತ್ತೇನೆ.

ಫ್ರಾನ್ಸಿನಲ್ಲಿ ಆರ್ಕಷೋನ್ ಅಂತ ಒಂದು ಕೊಲ್ಲಿ ಇದೆ. ಆಯ್ಸ್ಟರ್ ಸಾಕಿ ಬದುಕುವ ಊರುಗಳು, ಪಕ್ಕದಲ್ಲೇ ಶ್ರೀಮಂತರ ವಿಹಾರದೋಣಿಗಳ ನಿಲುದಾಣ. 1970ರ ದಶಕದ ಕೊನೆಯಲ್ಲಿ ಅಲ್ಲಿನ ಆಯ್ಸ್ಟರ್ ಮರಿಗಳು ವರ್ಷದ ಮೇಲೆ ವರ್ಷ ಬದುಕಲಿಲ್ಲ. ದೊಡ್ಡವುಗಳ ಚಿಪ್ಪು ದಪ್ಪವಾಗಿ, ಚೆಂಡಿನ ಹಾಗೆ ಉಬ್ಬಿ, ಒಳಗೆ ಮಾಂಸವೇ ಇಲ್ಲ. ಸಾಕುವವರ ಬದುಕು ಕುಸಿಯಿತು. ಕ್ಲಾಡ್ ಅಲ್ಜ್ಯೂ ಮತ್ತು ಜೊತೆಗಾರರು ಹುಡುಕುತ್ತ ಹೋಗಿ ದೋಣಿಗಳ ಬಣ್ಣಕ್ಕೆ ಬಂದು ತಲುಪಿದರು. 1982ರಲ್ಲಿ ಫ್ರಾನ್ಸ್ 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಟಿಬಿಟಿ ಬಣ್ಣ ನಿಷೇಧಿಸಿತು. ಆಮೇಲೆ ಮರಿಗಳು ಮತ್ತೆ ಕೂರತೊಡಗಿದವು.

ಇಂಗ್ಲೆಂಡಿನ ಪ್ಲಿಮತ್ ಹತ್ತಿರ ಇನ್ನೊಂದು ವಿಚಿತ್ರ. ಬಂಡೆಯ ಮೇಲಿರುವ ಒಂದು ಜಾತಿಯ ಶಂಖದ ಹುಳಗಳಲ್ಲಿ ಹೆಣ್ಣುಗಳಿಗೆ ಗಂಡಿನ ಅಂಗ ಬೆಳೆಯುತ್ತಿತ್ತು. ಮೊಟ್ಟೆ ಹೊರಬರುವ ದಾರಿಯೇ ಮುಚ್ಚಿಹೋಗಿ ಸಂತಾನ ನಿಲ್ಲುತ್ತಿತ್ತು. 1970ರಲ್ಲಿ ಸ್ಟೀಫನ್ ಬ್ಲೇಬರ್ ಇದನ್ನು ಗಮನಿಸಿ ಬರೆದಿದ್ದರು, ಕಾರಣ ಟಿಬಿಟಿ ಅಂತ ಬ್ರಯಾನ್ ಮತ್ತು ಗಿಬ್ಸ್ ತೋರಿಸಿದ್ದು 1980ರ ದಶಕದಲ್ಲಿ. ಎಷ್ಟು ವಿಷ ಸಾಕು? ಲೀಟರಿಗೆ 1 ನ್ಯಾನೋಗ್ರಾಂ ಆಸುಪಾಸು. ಈ ಸಂಖ್ಯೆ ತಲೆಗೆ ಹೋಗೋಲ್ಲ ಅಂತ ನಾನು ಒಂದು ಲೆಕ್ಕ ಹಾಕಿದೆ. ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲ, ಒಂದು ಮೀಟರ್ ಆಳದ ಕೆರೆ ಕಲ್ಪಿಸಿಕೊಳ್ಳಿ. ಅದಕ್ಕೆ ಒಂದೇ ಒಂದು ಗ್ರಾಂ ಹಾಕಿ ಕಲಕಿ. ಅಷ್ಟು. ಎಡ್ವರ್ಡ್ ಗೋಲ್ಡ್‌ಬರ್ಗ್ ಅನ್ನೋ ಸಾಗರ ರಸಾಯನ ವಿಜ್ಞಾನಿ ಇದರ ಬಗ್ಗೆ ಹೇಳಿದ್ದರ ತಾತ್ಪರ್ಯ, ಮನುಷ್ಯ ಬೇಕೆಂದೇ ಸಮುದ್ರಕ್ಕೆ ಬಿಟ್ಟ ವಸ್ತುಗಳಲ್ಲಿ ಪ್ರಾಯಶಃ ಇದಕ್ಕಿಂತ ವಿಷಕಾರಿ ಇನ್ನೊಂದಿಲ್ಲ ಅಂತ. ಆ 'ಬೇಕೆಂದೇ' ಅನ್ನೋ ಪದ ನೋಡಿ. ತೈಲ ಚೆಲ್ಲಿದರೆ ಅಪಘಾತ ಅಂತೀವಿ. ಇದನ್ನು ಬ್ರಷ್ ಹಿಡಿದು ಬಳಿದದ್ದು.

1982ರಲ್ಲಿ ಫ್ರಾನ್ಸ್, 1987ರಲ್ಲಿ ಬ್ರಿಟನ್, 1988ರಲ್ಲಿ ಅಮೆರಿಕ ಚಿಕ್ಕ ದೋಣಿಗಳಿಗೆ ನಿಲ್ಲಿಸಿದವು. ಎಲ್ಲ ಹಡಗುಗಳಿಗೂ ನಿಲ್ಲಿಸುವ ಅಂತಾರಾಷ್ಟ್ರೀಯ ಒಪ್ಪಂದ ಆದದ್ದು 2001ರಲ್ಲಿ, ಜಾರಿಗೆ ಬಂದದ್ದು 2008ರ ಸೆಪ್ಟೆಂಬರ್ 17ಕ್ಕೆ. ಆರ್ಕಷೋನಿನ ಪಾಠದಿಂದ ಇಪ್ಪತ್ತಾರು ವರ್ಷ. ಈ ಇಪ್ಪತ್ತಾರು ವರ್ಷವೂ ಬಣ್ಣದ ಪರವಾಗಿ ಏನು ವಾದ ಇತ್ತು ಗೊತ್ತಾ? ಇದಿಲ್ಲದಿದ್ದರೆ ಇಂಧನ ಹೆಚ್ಚು ಉರಿಯತ್ತೆ, ಹೊಗೆ ಹೆಚ್ಚಾಗತ್ತೆ, ಬೇರೆ ದಾರಿಯಿಲ್ಲ. ಬಿರಿಯಾನಿ ಮುಂದೆ ಕೂತು ನನ್ನ ಗೆಳೆಯ ಹೇಳಿದ್ದೂ ಅದೇ. ಅವನಿಗೆ ತಾನು ಹಳೇ ಟೇಪು ಹಾಕ್ತಿದ್ದೇನೆ ಅಂತ ಗೊತ್ತಿರಲಿಲ್ಲ, ಅಷ್ಟೇ.

ತವರ ಹೋದ ಮೇಲೆ ಬಂದದ್ದು ಮತ್ತೆ ಹಳೇ ತಾಮ್ರ. ಕೆಲವು ಬಣ್ಣಗಳಲ್ಲಿ ತೂಕದ ಅರ್ಧದಷ್ಟು ತಾಮ್ರದ ಆಕ್ಸೈಡೇ ಇರತ್ತೆ, ಆ ಕೆಂಪು ಬಣ್ಣ ಅದರದ್ದೇ. ಕೆಲವು ಪಾಚಿಗಳು ತಾಮ್ರಕ್ಕೆ ಬಗ್ಗಲಿಲ್ಲ. ಅದಕ್ಕೆ ಜೊತೆಗೆ ಕಳೆನಾಶಕಗಳನ್ನು ಬೆರೆಸಿದರು. ಅವುಗಳಲ್ಲೊಂದು ಸೈಬ್ಯುಟ್ರಿನ್, ಇರ್ಗಾರೋಲ್ ಅಂತ ಮಾರುತ್ತಿದ್ದರು. ಇದು ಸಸ್ಯಗಳ ದ್ಯುತಿಸಂಶ್ಲೇಷಣೆಯನ್ನೇ ನಿಲ್ಲಿಸುವ ವಸ್ತು. ಬಂದರಿನ ನೀರಿನ ಪಾಚಿಗೆ, ಹವಳದೊಳಗೆ ಬದುಕುವ ಪಾಚಿಗೆ ಬೇರೆ ಬೇರೆ ಅಂತ ಅದಕ್ಕೆ ಗೊತ್ತಿಲ್ಲವಲ್ಲ. 2021ರಲ್ಲಿ ಅದನ್ನೂ ಅದೇ ಒಪ್ಪಂದದ ನಿಷೇಧಪಟ್ಟಿಗೆ ಸೇರಿಸಿದರು, 2023ರ ಜನವರಿ 1ರಿಂದ ಬಳಿಯುವ ಹಾಗಿಲ್ಲ. ಗಮನಿಸಿ, ಇರ್ಗಾರೋಲ್ ಬೆರೆಸಿದ ಡಬ್ಬಿಯೂ 'ಟಿನ್ ಫ್ರೀ'ಯೇ. ಅದರ ಮೇಲೂ ಡಾಲ್ಫಿನ್ ಹಾಕಬಹುದಿತ್ತು.

ತಾಮ್ರವನ್ನು ಟಿಬಿಟಿಗೆ ಸಮ ಅಂತ ನಾನು ಹೇಳೋಲ್ಲ, ಅದು ಸುಳ್ಳಾಗತ್ತೆ. ತಾಮ್ರ ಸ್ವಲ್ಪ ಪ್ರಮಾಣದಲ್ಲಿ ಜೀವಿಗಳಿಗೆ ಬೇಕು. ನೀರಿನಲ್ಲಿರುವ ಕೊಳೆತ ಎಲೆ-ಕಸದ ಅಂಶ ಅದನ್ನು ಹಿಡಿದಿಟ್ಟು ವಿಷ ಕಡಿಮೆ ಮಾಡತ್ತೆ ಕೂಡ. ಆದರೆ ಟಿಬಿಟಿ ನಿಧಾನವಾಗಿಯಾದರೂ ಒಡೆದು ಹೋಗತ್ತೆ, ತಾಮ್ರ ಧಾತು, ಅದು ಒಡೆಯೋದು ಎಲ್ಲಿಗೆ? ಕೆಸರಿಗೆ ಹೋಗಿ ಕೂರತ್ತೆ. ಚಿಪ್ಪುಪ್ರಾಣಿಗಳ ಮರಿಗಳಿಗೆ ಅದು ಬಹಳ ಬೇಗ ಹತ್ತುವ ವಿಷ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸಮುದ್ರದ ನೀರಿನಲ್ಲಿ ದೀರ್ಘಕಾಲಕ್ಕೆ ಇಟ್ಟ ಮಿತಿ ಲೀಟರಿಗೆ 3.1 ಮೈಕ್ರೋಗ್ರಾಂ. ಸ್ಯಾನ್ ಡಿಯಾಗೋದ ಶೆಲ್ಟರ್ ಐಲೆಂಡ್ ಅನ್ನೋ ದೋಣಿಕಟ್ಟೆಯ ನೀರಿನಲ್ಲಿ ತಾಮ್ರ ಜಾಸ್ತಿಯಾಗಿ, ಅದರ ಬಹುಪಾಲು ದೋಣಿಗಳ ಬಣ್ಣದಿಂದಲೇ ಬರ್ತಿದೆ ಅಂತ 2005ರಲ್ಲೇ ಅಲ್ಲಿಯವರು ಲೆಕ್ಕ ಹಾಕಿ ಕಡಿಮೆ ಮಾಡಬೇಕು ಅಂತ ಆದೇಶ ಮಾಡಿದರು. 2018ರಿಂದ ಕ್ಯಾಲಿಫೋರ್ನಿಯಾದಲ್ಲಿ ವಿಹಾರದೋಣಿಯ ಬಣ್ಣ ದಿನಕ್ಕೆ ಚದರ ಸೆಂಟಿಮೀಟರಿಗೆ 9.5 ಮೈಕ್ರೋಗ್ರಾಂಗಿಂತ ಹೆಚ್ಚು ತಾಮ್ರ ಬಿಡುವ ಹಾಗಿಲ್ಲ.

ಈ ಮಿತಿಯನ್ನೇ ಮಾವನ ಬೋಟಿಗೆ ಹಾಕಿ ನೋಡಿದೆ. ನೀರಿನಡಿಯ ಮೈ ಸುಮಾರು 120 ಚದರ ಮೀಟರ್ ಅಂದುಕೊಳ್ಳಿ, ನನ್ನ ಅಂದಾಜು. ದಿನಕ್ಕೆ 11 ಗ್ರಾಂ ಚಿಲ್ಲರೆ ತಾಮ್ರ. ಅದನ್ನು 3.1ರ ಮಿತಿಗೆ ತೆಳು ಮಾಡಲು ದಿನಕ್ಕೆ ಮೂವತ್ತಾರು ಲಕ್ಷ ಲೀಟರಿಗಿಂತ ಹೆಚ್ಚು ತಾಮ್ರವಿಲ್ಲದ ನೀರು ಬೇಕು. ಒಂದು ಬೋಟಿಗೆ. ಆಳ ಸಮುದ್ರದಲ್ಲಿ ಇದು ಲೆಕ್ಕಕ್ಕಿಲ್ಲ. ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುವ ಅಳಿವೆಯಲ್ಲಿ? ಅದೂ ಕ್ಯಾಲಿಫೋರ್ನಿಯಾದ ಮಿತಿಯೊಳಗಿನ ಒಳ್ಳೇ ಬಣ್ಣ ಅಂತ ಇಟ್ಟುಕೊಂಡ ಲೆಕ್ಕ, ಮಾವ ತಂದ ಡಬ್ಬಿ ಎಷ್ಟು ಬಿಡತ್ತೆ ಅಂತ ಡಾಲ್ಫಿನ್ನೇ ಹೇಳಬೇಕು. ಇದರಲ್ಲಿ ಗ್ರೈಂಡರಿನ ಪುಡಿ ಸೇರಿಲ್ಲ.

ನನ್ನನ್ನು ನಿಜಕ್ಕೂ ಸಿಟ್ಟಿಗೆಬ್ಬಿಸಿದ್ದು ಈಗ ಹೇಳುವ ವಿಷಯ. 2001ರ ಆ ಒಪ್ಪಂದಕ್ಕೆ ಭಾರತವೂ ಸೇರಿದೆ. ಅದರಲ್ಲಿ 400 ಟನ್ ಮತ್ತು ಮೇಲ್ಪಟ್ಟು ಟನ್ನೇಜಿನ ಹಡಗುಗಳಿಗೆ ತಪಾಸಣೆ, ಸರ್ಟಿಫಿಕೇಟು. ಅದಕ್ಕಿಂತ ಚಿಕ್ಕದಾದರೂ 24 ಮೀಟರ್ ಮತ್ತು ಹೆಚ್ಚು ಉದ್ದದವಕ್ಕೆ ಯಜಮಾನನ ಸಹಿಯ ಒಂದು ಘೋಷಣಾಪತ್ರ, ಜೊತೆಗೆ ಬಣ್ಣದ ರಸೀದಿಯಂಥದ್ದು. 24 ಮೀಟರಿಗಿಂತ ಕಡಿಮೆ ಇದ್ದರೆ? ನಿಷೇಧ ಅವಕ್ಕೂ ಇದೆ, ಆದರೆ ತೋರಿಸಬೇಕಾದ ಕಾಗದ ಯಾವುದೂ ಇಲ್ಲ. ಮಾವನ ಎಪ್ಪತ್ತು ಅಡಿ ಅಂದರೆ 21 ಮೀಟರ್ ಚಿಲ್ಲರೆ. ಹಳೇ ಬಣ್ಣ ಕೆರೆದ ಕಸವನ್ನು ಜೋಪಾನವಾಗಿ ಸಂಗ್ರಹಿಸಬೇಕು ಅಂತಲೂ ಒಪ್ಪಂದದಲ್ಲಿದೆ, ಆದರೆ ಅದು ನಿಷೇಧಪಟ್ಟಿಯಲ್ಲಿರುವ ವಿಷಗಳಿಗೆ ಮಾತ್ರ. ತಾಮ್ರ ಪಟ್ಟಿಯಲ್ಲಿಲ್ಲ.

ಈಗ ಫ್ರಾನ್ಸ್ ಏನು ಮಾಡಿತ್ತು ನೆನಪು ಮಾಡಿಕೊಳ್ಳಿ. ಮೊದಲು ಹಿಡಿದದ್ದೇ 25 ಮೀಟರಿಗಿಂತ *ಚಿಕ್ಕ* ದೋಣಿಗಳನ್ನು. ಯಾಕೆಂದರೆ ಅವೇ ದಡದ ಹತ್ತಿರ, ಆಯ್ಸ್ಟರಿನ ನೆತ್ತಿಯ ಮೇಲೆ ನಿಲ್ಲುವುದು. ಜಗತ್ತಿನ ಒಪ್ಪಂದದ ಕಾಗದಪತ್ರ ಶುರುವಾಗುವುದು 24 ಮೀಟರಿನಿಂದ *ಮೇಲೆ*. ಬಳಚಿನ ಹತ್ತಿರ ಇರುವ ದೋಣಿಗೆ ಕಾಗದ ಇಲ್ಲ, ಬಳಚನ್ನು ಎಂದೂ ನೋಡದ ಹಡಗಿಗೆ ಸರ್ಟಿಫಿಕೇಟು. ಬಂದರು ಬೇರೆ, ಕಾನೂನು ಬೇರೆ ಅಂತ ದಯವಿಟ್ಟು ಹೇಳಬೇಡಿ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಾಗ ನಾವೆಲ್ಲ ಫೋಟೋ ಹಂಚಿಕೊಂಡು ಹೆಮ್ಮೆ ಪಟ್ಟೆವಲ್ಲ, ಅಂಥ ಅಳಿವೆಗಳ ಜೀವ ಇರೋದೇ ಕೆಸರಿನಲ್ಲಿ.

"ಹಾಗಾದರೆ ಎಂತ ಮಾಡೂದು ತಮ್ಮಾ? ಬಣ್ಣ ಹೊಡೀದೆ ಹಾಗೇ ಬಿಡೂದಾ?" ಅಂತ ಮಾವ ಕೇಳಿದ. ನ್ಯಾಯವಾದ ಪ್ರಶ್ನೆ. ಇಲ್ಲಿ ಕೆಲವರು "ನಮ್ಮ ಹಿರಿಯರು ಎಷ್ಟು ಜಾಣರು ನೋಡಿ, ಮೀನೆಣ್ಣೆ ಗೇರೆಣ್ಣೆ ಹಚ್ಚುತ್ತಿದ್ದರು" ಅಂತ ಶುರು ಮಾಡ್ತಾರೆ. ಅಜ್ಜ ಹಚ್ಚುತ್ತಿದ್ದದ್ದು ನಿಜ, ಬೂತಾಯಿ ಎಣ್ಣೆಯ ಆ ವಾಸನೆ ನನಗಿನ್ನೂ ನೆನಪಿದೆ. ಆದರೆ ಅಜ್ಜನ ದೋಣಿ ಮರದ್ದು, ದಿನಾ ಸಂಜೆ ಮರಳ ಮೇಲೆ ಎಳೆದಿಡುತ್ತಿದ್ದದ್ದು, ಒಣಗಿದ ತಳಕ್ಕೆ ಯಾವ ಚಿಪ್ಪು ಕೂರತ್ತೆ? ವಾರಗಟ್ಟಲೆ ನೀರಲ್ಲಿರುವ ಸ್ಟೀಲ್ ಬೋಟಿಗೆ ಎಣ್ಣೆ ಹಚ್ಚಿ ಅನ್ನೋದು ಮಾವನಿಗೆ ಮಾಡುವ ಅವಮಾನ. ಏನೂ ಹಚ್ಚದೆ ಬಿಟ್ಟರೆ ಇನ್ನೊಂದು ಅನಾಹುತ, ಹಡಗಿನ ತಳಕ್ಕೆ ಅಂಟಿಕೊಂಡು ಪರದೇಶದ ಜೀವಿಗಳು ಬರ್ತವೆ. ಕೆರಿಬಿಯನ್ ಕಡೆಯ ಒಂದು ಚಿಕ್ಕ ಕಪ್ಪು ಚಿಪ್ಪು, ಮೈಟಿಲಾಪ್ಸಿಸ್ ಸಲ್ಲೀ ಅಂತ, 1960ರ ದಶಕದಲ್ಲೇ ವಿಶಾಖಪಟ್ಟಣದ ಬಂದರಿಗೆ ಬಂದು ಕೂತಿದೆ. ಅದೇ 1999ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ಊರಿನ ದೋಣಿಕಟ್ಟೆಗಳಲ್ಲಿ ಕಂಡಾಗ ಅವರು ಕಟ್ಟೆಗಳನ್ನೇ ಮುಚ್ಚಿ ಕ್ಲೋರಿನ್ ಮತ್ತು ತಾಮ್ರದ ಸಲ್ಫೇಟ್ ಸುರಿದು ನಿರ್ನಾಮ ಮಾಡಿದರು. (ಮತ್ತೆ ತಾಮ್ರ!)

ವಿಷವಿಲ್ಲದ ಬಣ್ಣಗಳೂ ಇವೆ. ಸಿಲಿಕೋನಿನವು, ಚಿಪ್ಪಿಗೆ ಹಿಡಿತ ಸಿಗದ ಹಾಗೆ ಜಾರುವಂಥವು. ಬೆಲೆ ಜಾಸ್ತಿ. ಹಡಗು ವೇಗವಾಗಿ ಓಡಿದರೆ ಮಾತ್ರ ಕೂತದ್ದು ಉದುರತ್ತೆ, ಬಲೆ ಎಳೆಯುವ ಟ್ರಾಲ್ ಬೋಟಿನ ಆಮೆ ನಡಿಗೆಗೆ ಅದು ಸರಿಹೊಂದೋಲ್ಲ, ಬಲೆ-ಹಗ್ಗ ತಾಗಿದರೆ ಹರಿಯತ್ತೆ. ನಾರ್ವೆಯ ಯೋಟುನ್ ಕಂಪನಿ 2020ರಲ್ಲಿ ಹಡಗಿನ ತಳದಲ್ಲಿ ಓಡಾಡಿ ಲೋಳೆ ಉಜ್ಜುವ ರೋಬೋಟ್ ತೋರಿಸಿತು. ಮಾವನಿಗೆ ಅದರ ವಿಡಿಯೋ ತೋರಿಸಿದೆ. "ಇದರ ದುಡ್ಡಲ್ಲಿ ನಾ ಇನ್ನೊಂದು ಬೋಟು ತಗಳ್ತೆ" ಅಂದ.

ಆದ್ದರಿಂದ ನಾಳೆಯೇ ತಾಮ್ರ ನಿಲ್ಲಿಸಿ ಅಂತ ನಾನು ಕೇಳ್ತಿಲ್ಲ. ನಾನು ಕೇಳ್ತಿರೋದು ತೀರ ಸಣ್ಣದು, ಅದಕ್ಕೇ ಸಿಟ್ಟು ಜಾಸ್ತಿ. ಡಬ್ಬಿಯ ಮೇಲೆ ಒಳಗೇನಿದೆ, ಎಷ್ಟಿದೆ ಅಂತ ಕನ್ನಡದಲ್ಲಿ ಬರೆಯಿರಿ, ಸತುವಿನ ಮೇಲೆ ಬಳಿಯಬೇಡಿ ಅಂತಲೂ. ಬೋಟು ಕೆರೆಯುವ ಜಾಗಕ್ಕೆ ಒಂದು ಕಾಂಕ್ರೀಟು ನೆಲ, ಒಂದು ಮಾಡು, ನೀರು ಹೋಗಿ ನಿಲ್ಲುವ ಒಂದು ತೊಟ್ಟಿ ಕಟ್ಟಿ. ದೊಡ್ಡ ಹಡಗಿನ ಡಾಕುಗಳಲ್ಲಿ ಹೊಲಸು ನೀರು ಹಿಡಿದಿಡೋದು ಹೊಸ ವಿದ್ಯೆಯೇನಲ್ಲ. ಗ್ರೈಂಡರ್ ಹಿಡಿಯುವ ಹುಡುಗನಿಗೆ ಕರವಸ್ತ್ರ ಅಲ್ಲ, ಮಾಸ್ಕ್ ಕೊಡಿ. ಬಂದರಿನ ಕೆಸರಿನಲ್ಲಿ ವರ್ಷಕ್ಕೊಮ್ಮೆ ತಾಮ್ರ ಅಳೆದು ಬೋರ್ಡಿನ ಮೇಲೆ ಹಾಕಿ, ಮೀನಿನ ದರ ಹಾಕ್ತಾರಲ್ಲ ಹಾಗೆ. "ಇದಕ್ಕೆಲ್ಲ ಬೋಟಿನವರ ಹತ್ತಿರ ದುಡ್ಡೆಲ್ಲಿದೆ" ಅನ್ನುವವರಿಗೆ, ಬೋಟಿನವರು ಕೊಡಬೇಕು ಅಂತ ಯಾರು ಹೇಳಿದ್ದು? ಸೋರುವ ವಿಷವನ್ನು ಡಾಲ್ಫಿನ್ ಹಾಕಿ ಮಾರಿದವರು ಮಾಡು ಕಟ್ಟಿಸಲಿ. ಈಗ ಆ ಖರ್ಚು ಬಳಚು ಹೆಕ್ಕುವ ಹೆಂಗಸರ ಲೆಕ್ಕಕ್ಕೆ ಹೋಗ್ತಿದೆ, ಅವರಿಗೆ ಬಿಲ್ಲು ಕೂಡ ಕೊಡದೆ.

ಗೆಳೆಯನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಲೋ, ನಾನು ಸೇಲ್ಸ್‌ನವನು ಕಣೋ" ಅಂದ. ಆಮೇಲೆ ಅವನೇ ಒಂದು ಬಣ್ಣದ ಸುರಕ್ಷತಾ ವಿವರಗಳ ಎಂಟು ಪುಟದ ಹಾಳೆ ಕಳಿಸಿದ. ಎಲ್ಲ ಇದೆ ಅದರಲ್ಲಿ, ತಾಮ್ರ ಎಷ್ಟು, ಜಲಚರಗಳಿಗೆ ವಿಷ, ನೀರಿಗೆ ಬಿಡಬೇಡಿ, ಧೂಳು ಒಳಗೆ ಎಳೆದುಕೊಳ್ಳಬೇಡಿ ಅಂತ. ಇಂಗ್ಲಿಷಿನಲ್ಲಿ. ಹೊಳೆದಂಡೆಯ ಆ ಹುಡುಗರಿಗೆ ತಲುಪದ ಎಂಟು ಪುಟ. ಈ ವಾರಾಂತ್ಯ ಅದನ್ನು ಕನ್ನಡಕ್ಕೆ ತರ್ತಾ ಕೂತಿದ್ದೇನೆ, ನಾಲ್ಕು ಪುಟ ಆಗಿದೆ.

ಕರಾವಳಿ ಕಡೆಯ ಬ್ಲಾಗಿಗರಲ್ಲಿ ಒಂದು ಕೇಳಿಕೆ. ಮುಂದಿನ ಜೂನಿನಲ್ಲಿ ಊರಿಗೆ ಹೋದಾಗ ನಿಮ್ಮ ಬಂದರಿನಲ್ಲಿ ಬಿದ್ದಿರುವ ಖಾಲಿ ಡಬ್ಬಿಗಳ ಹಿಂದೆ-ಮುಂದೆ ಫೋಟೋ ತೆಗೆದು ಕಳಿಸಿ. ಬೋಟಿನ ಹೆಸರು, ಜನರ ಮುಖ ಬೇಡ, ಡಬ್ಬಿ ಮಾತ್ರ. ನಾನು ಒಂದು ಟಾರ್ಪಾಲು ತಗೊಂಡು ಮಾವನ ಬೋಟಿನಡಿ ಹಾಸೋದಕ್ಕೆ ಹೋಗ್ತೀನಿ. ಪುಡಿ ಒಟ್ಟು ಮಾಡಿ ತೂಗಿ, ಎಷ್ಟಾಯ್ತು ಅಂತ ಇಲ್ಲೇ ಬರೀತೀನಿ. ಮಾವ ಒಪ್ಪಿದ್ದಾನೆ, "ಟಾರ್ಪಾಲಿನ ದುಡ್ಡು ಮಾತ್ರ ನಿಂದೇ" ಅಂತ.